ಅನುವಂಶೀಯತೆ ಮತ್ತು ಸಂಭವನೀಯತೆ: ಒಂದು ವಿವೇಚನೆ

ಶಿಶುವೊಂದು ಜನಿಸಿದ ಮನೆಯಲ್ಲಿ ನಾಮಕರಣಕ್ಕಿಂತ ಮೊದಲೇ ನಡೆಯುವ ವ್ಯವಹಾರವೊಂದುಂಟು. ಮೂಗು ಅಜ್ಜನದು, ಹಣೆ ಸೋದರತ್ತೆಯದು, ಬಣ್ಣ ತಾಯಿಯ ತವರಿನದು ಎಂದು ಬಂದ ಬಂಧುಗಳೆಲ್ಲರೂ ಕೂಸಿನ ಅಂಗಾಂಗಗಳನ್ನು ಪಾಲು ಹಾಕಿ ಹಂಚಿಕೊಳ್ಳುತ್ತಾರೆ. ಈ ಹಂಚಿಕೆ ವಿನೋದಕರವಾದುದು. ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಅದೇ ಮನೆಯಲ್ಲಿ ಹುಟ್ಟು ರಕ್ತದೋಷವುಳ್ಳ ಮಗುವೊಂದು ಜನಿಸಿತೆನ್ನಿ. ಆಗ ಪಾಲು ಕೇಳಲು ಯಾರೂ ಮುಂದೆ ಬರುವುದಿಲ್ಲ. “ನಮ್ಮ ವಂಶದಲ್ಲಿ ಇಂಥದು ಇರಲಿಲ್ಲ” ಎಂಬ ಒಂದೇ ವಾಕ್ಯದಿಂದ ಗಂಡಿನ ಕಡೆಯವರು ಕೈತೊಳೆದುಕೊಳ್ಳುತ್ತಾರೆ; ಉಳಿದ ಭಾರವೆಲ್ಲ ಹೊರಗಿನಿಂದ ಬಂದ ಸೊಸೆಯ ತಲೆಯ ಮೇಲೆ ಬೀಳುತ್ತದೆ. ಈ ವಾಕ್ಯ ಎಷ್ಟರಮಟ್ಟಿಗೆ ಪ್ರಮಾಣ? ಹೆತ್ತವರನ್ನು ನೋಡಿ, ಹುಟ್ಟಲಿರುವ ಮಕ್ಕಳ ಗುಣವನ್ನು ಮುಂಗಂಡು ಹೇಳುವುದು ಎಷ್ಟರಮಟ್ಟಿಗೆ ಸಾಧ್ಯ? ಈ ಪ್ರಶ್ನೆಗಳಿಗೆ ಅನುವಂಶೀಯತಾ ಶಾಸ್ತ್ರವು ಕೊಡುವ ಉತ್ತರವು ಪ್ರೌಢಶಾಲೆಯ ವಿದ್ಯಾರ್ಥಿ ಮಾಡಬಲ್ಲ ಭಿನ್ನರಾಶಿಯ ಗುಣಾಕಾರದಷ್ಟೇ ಸರಳವಾದುದು. ಸರಳವೆಂದು ತೋರುವುದರಿಂದಲೇ ಅದನ್ನು ತಪ್ಪಾಗಿ ಗ್ರಹಿಸುವವರೂ ಬಹುಮಂದಿ.

“ತಾಯಿಯಂತೆ ಮಗಳು, ನೂಲಿನಂತೆ ಸೀರೆ” ಎಂಬುದು ನಮ್ಮ ನಾಡಿನ ಗಾದೆ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರ ತಿಳಿವಳಿಕೆಯೂ ಈ ಗಾದೆಯಿಂದ ಬಹುದೂರ ಹೋಗಿರಲಿಲ್ಲ. ಎರಡು ಬಣ್ಣಗಳನ್ನು ಕದಡಿದರೆ ಮೂರನೆಯದೊಂದು ಬಣ್ಣ ಬರುವಂತೆ ತಂದೆತಾಯಿಗಳ ಗುಣಗಳು ಮಕ್ಕಳಲ್ಲಿ ಬೆರೆತುಹೋಗುತ್ತವೆಂದು ಅವರು ಭಾವಿಸಿದ್ದರು. ಬೆರೆತದ್ದು ಮತ್ತೆ ಬೇರೆಯಾಗದು. ಹಾಗಿದ್ದಲ್ಲಿ ಅಜ್ಜನಲ್ಲಿದ್ದು ಮಗನಲ್ಲಿ ಕಾಣದಿದ್ದ ಲಕ್ಷಣವು ಮೊಮ್ಮಗನಲ್ಲಿ ಇದ್ದಕ್ಕಿದ್ದಂತೆ ಮೈದೋರುವುದು ಹೇಗೆ? ಈ ಗಂಟನ್ನು ಬಿಡಿಸಿದವನು ಗ್ರೆಗೊರ್ ಮೆಂಡಲ್ ಎಂಬ ಸಂನ್ಯಾಸಿ.

ಮೆಂಡಲನು ೧೮೨೨ರಲ್ಲಿ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಒಂದು ಬಡ ರೈತಕುಟುಂಬದಲ್ಲಿ ಜನಿಸಿದನು. ೧೮೪೩ರಲ್ಲಿ, ಇಂದು ಚೆಕ್ ಗಣರಾಜ್ಯಕ್ಕೆ ಸೇರಿರುವ ಬ್ರುನೋ ನಗರದ ಸೇಂಟ್ ಥಾಮಸ್ ಮಠವನ್ನು ಸೇರಿದನು. ವಿದ್ಯಾಭ್ಯಾಸ ಮುಂದುವರಿಸಲು ಅವನಿಗಿದ್ದ ದಾರಿ ಅದೊಂದೇ. ಆ ಮಠದ ಅಧ್ಯಕ್ಷನಾಗಿದ್ದ ಸಿರಿಲ್ ನ್ಯಾಪ್ ವಿದ್ಯಾಪಕ್ಷಪಾತಿ. ತನ್ನ ತರುಣ ಸಂನ್ಯಾಸಿಯನ್ನು ಮಠದ ವೆಚ್ಚದಲ್ಲಿ ೧೮೫೧ರಿಂದ ೧೮೫೩ರವರೆಗೆ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದನು. ಅಲ್ಲಿ ಮೆಂಡಲನು ಸಸ್ಯಶಾಸ್ತ್ರದೊಡನೆ ಭೌತಶಾಸ್ತ್ರವನ್ನೂ ಗಣಿತವನ್ನೂ ಓದಿದನು. ಶಾಲಾ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲೇ ಇಲ್ಲ ಎಂಬುದು ಅಧ್ಯಾಪಕ ಬಂಧುಗಳು ಗಮನಿಸತಕ್ಕ ಸಂಗತಿ. ಕೊನೆಯವರೆಗೂ ಅವನು ಹಂಗಾಮಿ ಉಪಾಧ್ಯಾಯನೇ. ಆದರೂ ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚಿನವನು.

೧೮೫೬ರಿಂದ ೧೮೬೩ರವರೆಗೆ, ಎಂಟು ಬೇಸಿಗೆಗಳ ಕಾಲ, ಮೆಂಡಲನು ಮಠದ ಹಿತ್ತಿಲಿನಲ್ಲಿ ಬಟಾಣಿ ಬೆಳೆದನು. ಅದಕ್ಕೆ ಮೊದಲು ಎರಡು ವರ್ಷಗಳನ್ನು ಬೀಜದ ಶುದ್ಧಿಯನ್ನು ಪರೀಕ್ಷಿಸುವುದಕ್ಕೇ ಮೀಸಲಿಟ್ಟಿದ್ದನು. ದುಂಡುಕಾಳಿನ ಗಿಡ ತಲೆತಲಾಂತರಕ್ಕೂ ದುಂಡುಕಾಳನ್ನೇ ಬಿಡಬೇಕು. ಸುಕ್ಕುಕಾಳಿನದು ಸುಕ್ಕನ್ನೇ ಬಿಡಬೇಕು. ಬಟಾಣಿ ಹೂವು ಮುಚ್ಚಿದ ಎಸಳಿನೊಳಗೆ ತನ್ನ ಪರಾಗದಿಂದ ತಾನೇ ಫಲಿಸುವಂಥದು. ಮೆಂಡಲನು ಎಳೆಯ ಹೂವಿನ ಕೇಸರಗಳನ್ನು ಚಿಮುಟದಿಂದ ಕಿತ್ತು, ಇನ್ನೊಂದು ಜಾತಿಯ ಗಿಡದ ಪರಾಗವನ್ನು ಅದರ ಶಲಾಕೆಯ ಮೇಲೆ ಲೇಪಿಸಿದನು. ಹೀಗೆ ದುಂಡಿಗೂ ಸುಕ್ಕಿಗೂ ಸಂಕರ ನಡೆಸಿದಾಗ ಬಂದ ಮೊದಲ ಪೀಳಿಗೆಯ ಕಾಳೆಲ್ಲ ದುಂಡು. ಸುಕ್ಕಿನ ಸುಳಿವೂ ಇಲ್ಲ. ದುಂಡುಕಾಳಿನ ಗಿಡ ತಾಯಿಯಾದರೂ ಅಷ್ಟೇ, ತಂದೆಯಾದರೂ ಅಷ್ಟೇ. ಈ ಕೊನೆಯ ಮಾತನ್ನು ಪಾಠ ಹೇಳುವಾಗ ಸಾಮಾನ್ಯವಾಗಿ ಅವಸರದಿಂದ ದಾಟಿಬಿಡುತ್ತಾರೆ. ಗುಣವನ್ನು ಕೊಡುವುದರಲ್ಲಿ ತಾಯಿಯ ಪಾಲೂ ತಂದೆಯ ಪಾಲೂ ಸಮವೆಂಬುದಕ್ಕೆ ದೊರೆತ ಭದ್ರವಾದ ಪ್ರಮಾಣ ಇದೇ ಆದುದರಿಂದ ಅಲ್ಲಿ ಒಂದು ಗಳಿಗೆ ನಿಲ್ಲುವುದು ಯುಕ್ತ.

ಮೊದಲ ಪೀಳಿಗೆಯ ಆ ದುಂಡುಕಾಳುಗಳನ್ನು ಬಿತ್ತಿ, ಗಿಡಗಳು ತಮ್ಮಷ್ಟಕ್ಕೆ ತಾವೇ ಫಲಿಸಲು ಬಿಟ್ಟಾಗ ಎರಡನೆಯ ಪೀಳಿಗೆಯಲ್ಲಿ ೭,೩೨೪ ಕಾಳುಗಳು ದೊರೆತವು. ಎಣಿಸಿ ನೋಡಿದರೆ ೫,೪೭೪ ದುಂಡು, ೧,೮೫೦ ಸುಕ್ಕು! ಇಲ್ಲವಾಯಿತೆಂದುಕೊಂಡಿದ್ದ ಗುಣ ಕಿಂಚಿತ್ತೂ ಮಾಸದೆ ಮರಳಿ ಬಂದಿತು. ಬಂದುದೂ ಒಂದು ಲೆಕ್ಕಕ್ಕೆ ಒಳಪಟ್ಟು, ನಾಲ್ಕರಲ್ಲಿ ಒಂದರಂತೆ ಬಂದಿತು. ಕಾಳಿನ ಬಣ್ಣದಲ್ಲಿಯೂ ಹಾಗೆಯೇ: ೬,೦೨೨ ಹಳದಿ, ೨,೦೦೧ ಹಸಿರು. ಪರೀಕ್ಷಿಸಿದ ಏಳು ಲಕ್ಷಣಗಳಲ್ಲಿಯೂ ಇದೇ ನಿಯಮ.

ಕನ್ನಡ ವ್ಯಾಕರಣ ಬಲ್ಲವರಿಗೆ ಇದು ಅಷ್ಟೇನೂ ಅಪರಿಚಿತವಾದ ವಿದ್ಯಮಾನವಲ್ಲ. ‘ಮಾತು’ ಮತ್ತು ‘ಇಲ್ಲ’ ಎಂಬ ಪದಗಳು ಸೇರಿ ‘ಮಾತಿಲ್ಲ’ ಆದಾಗ ಪೂರ್ವಪದದ ಉಕಾರವು ಲೋಪವಾಗುತ್ತದೆ. ಕಿವಿಗೆ ಅದು ಕೇಳಿಸದು, ಕಣ್ಣಿಗೆ ಕಾಣಿಸದು. ಹಾಗೆಂದು ಅದು ನಾಶವಾಯಿತೆನ್ನಬಹುದೆ? ಪದಚ್ಛೇದ ಮಾಡಿದೊಡನೆ ಉಕಾರ ಮೊದಲಿನಂತೆಯೇ ಬಂದು ನಿಲ್ಲುತ್ತದೆ. ಸುಕ್ಕುಕಾಳಿನ ಗುಣಕ್ಕೆ ಸಂಭವಿಸಿದ್ದೂ ಇಂಥ ಲೋಪವೇ ಹೊರತು ನಾಶವಲ್ಲ. ಪಠ್ಯಪುಸ್ತಕಗಳು ಮೇಲೆ ಕಾಣುವ ಗುಣವನ್ನು ಪ್ರಬಲವೆಂದೂ ಅಡಗುವುದನ್ನು ದುರ್ಬಲವೆಂದೂ ಕರೆಯುತ್ತವೆ. ರೂಢಿಗೆ ಬಂದ ಮಾತಾದುದರಿಂದ ಇರಲಿ; ಆದರೆ ದುರ್ಬಲವೆಂಬ ಶಬ್ದ ವಿದ್ಯಾರ್ಥಿಗಳನ್ನು ದಾರಿತಪ್ಪಿಸುತ್ತದೆ. ಪೀಳಿಗೆಗಳ ಕಾಲ ಕಾದಿದ್ದು ತಲೆಯೆತ್ತುವ ಗುಣಕ್ಕೆ ಅದು ತಕ್ಕ ಹೆಸರಲ್ಲ. ಅಂತರ್ಹಿತ ಗುಣವೆನ್ನುವುದು ಲೇಸು.

ಅಡಗುವುದಕ್ಕೆ ಕಾರಣವೇನೆಂಬುದು ಬಟಾಣಿಯ ವಿಷಯದಲ್ಲಿ ೧೯೯೦ರಲ್ಲಿ ತಿಳಿದುಬಂದಿತು. ಇಂಗ್ಲೆಂಡಿನ ನಾರಿಚ್ ನಗರದ ಸಂಶೋಧಕರು, ಪಿಷ್ಟದ ಅಣುಗಳಿಗೆ ಕವಲೊಡೆಸುವ ಒಂದು ಕಿಣ್ವದ ಜೀನು ಸುಕ್ಕುಕಾಳಿನಲ್ಲಿ ಕೆಟ್ಟಿರುವುದನ್ನು ಕಂಡರು. ಕಿಣ್ವವಿಲ್ಲದ ಕಾಳಿನಲ್ಲಿ ಪಿಷ್ಟ ಕಡಮೆ, ಸಕ್ಕರೆ ಹೆಚ್ಚು; ಸಕ್ಕರೆ ನೀರನ್ನು ಹೀರಿಕೊಳ್ಳುತ್ತದೆ; ಒಣಗುವಾಗ ನೀರೆಲ್ಲ ಹೋಗಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಪ್ರತಿಯೊಂದು ಜೀನೂ ತಾಯಿಯದೊಂದು, ತಂದೆಯದೊಂದು ಎಂದು ಎರಡು ಪ್ರತಿಗಳಲ್ಲಿರುತ್ತದಷ್ಟೆ. ಅವುಗಳಲ್ಲಿ ಒಂದು ಸರಿಯಾಗಿದ್ದರೂ ಕಾಳು ದುಂಡಾಗಲು ಸಾಕಾಗುವಷ್ಟು ಕಿಣ್ವ ಹುಟ್ಟುತ್ತದೆ. ಒಂಟೆತ್ತು ಗಾಡಿಯನ್ನು ಎಳೆಯುತ್ತಿರುವಾಗ ಇನ್ನೊಂದು ಎತ್ತು ಕೊಟ್ಟಿಗೆಯಲ್ಲಿ ಮಲಗಿರುವುದು ದಾರಿಹೋಕರಿಗೆ ತಿಳಿಯುವುದಿಲ್ಲ. ಮನುಷ್ಯರ ಅನೇಕ ಅನುವಂಶೀಯ ರೋಗಗಳ ಬಗೆಯೂ ಇದೇ.

ಇನ್ನು ನಾಲ್ಕರಲ್ಲಿ ಒಂದು ಎಂಬ ಪ್ರಮಾಣ ಬಂದುದು ಹೇಗೆಂಬುದನ್ನು ನೋಡೋಣ. ಛಂದಶ್ಶಾಸ್ತ್ರದಲ್ಲಿ ಪ್ರಸ್ತಾರವೆಂಬ ಪ್ರಕ್ರಿಯೆಯುಂಟು. ಒಂದು ಅಕ್ಷರ ಗುರುವಾಗಿರಬಹುದು ಅಥವಾ ಲಘುವಾಗಿರಬಹುದು. ಎರಡು ಅಕ್ಷರಗಳಿದ್ದರೆ ಎಷ್ಟು ರೂಪಗಳು? ಗುರು-ಗುರು, ಲಘು-ಗುರು, ಗುರು-ಲಘು, ಲಘು-ಲಘು ಎಂದು ನಾಲ್ಕು. ಗುರುವಿನ ಸ್ಥಾನದಲ್ಲಿ ದುಂಡನ್ನೂ ಲಘುವಿನ ಸ್ಥಾನದಲ್ಲಿ ಸುಕ್ಕನ್ನೂ ಇಟ್ಟು, ಮೊದಲನೆಯ ಅಕ್ಷರ ತಾಯಿಯಿಂದ ಬಂದುದು, ಎರಡನೆಯದು ತಂದೆಯಿಂದ ಬಂದುದು ಎಂದುಕೊಂಡರೆ ಮೆಂಡಲನ ನಿಯಮ ಅಲ್ಲಿಯೇ ಸಿದ್ಧವಾಯಿತು. ಸಂಕರಗಿಡದಲ್ಲಿ ಎರಡೂ ಬಗೆಯ ಜೀನುಗಳಿವೆ. ಆದರೆ ಮುಂದಿನ ಪೀಳಿಗೆಗೆ ಅದು ಕೊಡುವುದು ಒಂದನ್ನು ಮಾತ್ರ. ಯಾವುದನ್ನು ಕೊಟ್ಟೀತೆಂಬುದು ಚಿಮ್ಮಿದ ನಾಣ್ಯದಂತೆ ಅನಿಶ್ಚಿತ. ತಾಯಿ ಸುಕ್ಕನ್ನು ಕೊಡುವ ಸಂಭವ ಎರಡರಲ್ಲಿ ಒಂದು. ತಂದೆ ಕೊಡುವ ಸಂಭವವೂ ಎರಡರಲ್ಲಿ ಒಂದು. ಇಬ್ಬರೂ ಅದನ್ನೇ ಕೊಡುವ ಸಂಭವ ಅರ್ಧದ ಅರ್ಧ, ಅಂದರೆ ನಾಲ್ಕರಲ್ಲಿ ಒಂದು. ಉಳಿದ ಮೂರು ರೂಪಗಳಲ್ಲಿ ದುಂಡಿನ ಜೀನು ಒಂದಾದರೂ ಇರುವುದರಿಂದ ಅವು ಮೂರೂ ನೋಟಕ್ಕೆ ದುಂಡು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಪನೆಟ್ ಎಂಬ ವಿಜ್ಞಾನಿ ಇದನ್ನೇ ನಾಲ್ಕು ಮನೆಗಳ ಚೌಕವಾಗಿ ಬರೆದು ತೋರಿಸಿದನು. ಶಾಲೆಗಳಲ್ಲಿ ಇಂದು ಹಲಗೆಯ ಮೇಲೆ ಬರೆಯುವುದು ಆ ಚೌಕವನ್ನೇ. ಎರಡು ಲಕ್ಷಣಗಳನ್ನು ಒಟ್ಟಿಗೆ ತೆಗೆದುಕೊಂಡರೆ ನಾಲ್ಕಕ್ಷರದ ಪ್ರಸ್ತಾರದಂತೆ ಹದಿನಾರು ಮನೆಗಳಾಗುತ್ತವೆ. ಅದರ ಫಲವಾದ ಒಂಬತ್ತು, ಮೂರು, ಮೂರು, ಒಂದು ಎಂಬ ಪ್ರಮಾಣವನ್ನು ಮೆಂಡಲನು ೫೫೬ ಕಾಳುಗಳಲ್ಲಿ ಕಂಡನು.

ಈ ಹೋಲಿಕೆಯಿಂದ ನಮ್ಮ ಪ್ರಾಚೀನರಿಗೆ ಜೀನುಗಳ ಅರಿವಿತ್ತೆಂದು ಸಾಧಿಸಹೊರಡುವುದು ನಗೆಗೀಡಿನ ಮಾತು. ಪಿಂಗಳನಿಗೆ ಬೇಕಾಗಿದ್ದುದು ವೃತ್ತಗಳ ಎಣಿಕೆ, ಬಟಾಣಿಯಲ್ಲ. ಎರಡೂ ಕಡೆ ಗಣಿತವೊಂದೇ ಎಂಬಷ್ಟೇ ಇಲ್ಲಿಯ ಅಭಿಪ್ರಾಯ.

ನೋಟಕ್ಕೆ ದುಂಡಾದ ಆ ಮೂರರಲ್ಲಿಯೂ ಒಂದು ಭೇದವುಂಟು. ಗುರು-ಗುರು ರೂಪದ್ದು ಒಂದು, ಗುರು-ಲಘುಗಳು ಕೂಡಿದ್ದು ಎರಡು. ಅಂದರೆ ಕಾಣುವ ದುಂಡುಕಾಳುಗಳಲ್ಲಿ ಮೂರಕ್ಕೆ ಎರಡು ಒಳಗೆ ಸುಕ್ಕನ್ನು ಹೊತ್ತಿರಬೇಕು. ಮೆಂಡಲನು ಇದನ್ನು ಊಹೆಗೆ ಬಿಡಲಿಲ್ಲ. ಎರಡನೆಯ ಪೀಳಿಗೆಯ ದುಂಡುಕಾಳುಗಳಿಂದ ೫೬೫ ಗಿಡಗಳನ್ನು ಬೆಳೆಸಿ ಅವುಗಳ ಕಾಯಿಗಳನ್ನು ಬಿಡಿಸಿ ನೋಡಿದನು. ೧೯೩ ಗಿಡಗಳು ದುಂಡನ್ನು ಮಾತ್ರ ಬಿಟ್ಟಿದ್ದವು; ೩೭೨ ಗಿಡಗಳಲ್ಲಿ ದುಂಡೂ ಸುಕ್ಕೂ ಕೂಡಿದ್ದವು. ಒಂದಕ್ಕೆ ಎರಡು! ಈ ಮೂರಕ್ಕೆರಡು ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮನುಷ್ಯರ ವಿಷಯದಲ್ಲಿ ಇದು ಮತ್ತೆ ಬೇಕಾಗುತ್ತದೆ.

ಮೆಂಡಲನು ತನ್ನ ಪ್ರಬಂಧವನ್ನು ೧೮೬೫ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಬ್ರುನೋ ನಗರದ ಪ್ರಕೃತಿವಿಜ್ಞಾನ ಸಂಘದ ಮುಂದೆ ಓದಿದನು. ಮರುವರ್ಷ ಅದು ಅಚ್ಚಾಯಿತು. ವಿದ್ವಲ್ಲೋಕ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ೧೮೬೮ರಲ್ಲಿ ಅವನು ಮಠಾಧ್ಯಕ್ಷನಾಗಿ ಆಡಳಿತದ ಹೊರೆಯಲ್ಲಿ ಮುಳುಗಿದನು; ೧೮೮೪ರಲ್ಲಿ ತೀರಿಕೊಂಡನು. ಡಿ ವ್ರೀಸ್, ಕಾರೆನ್ಸ್, ಚೆರ್ಮಾಕ್ ಎಂಬ ಮೂವರು ೧೯೦೦ರಲ್ಲಿ ಆ ಪ್ರಬಂಧವನ್ನು ಬೆಳಕಿಗೆ ತಂದರು. ಅವನ ಅಂಕಿಗಳು ನಿಯಮಕ್ಕೆ ಅತಿಯಾಗಿ ಹೊಂದಿಕೊಳ್ಳುತ್ತವೆಂದು ಸಂಖ್ಯಾಶಾಸ್ತ್ರಜ್ಞ ಫಿಶರ್ ೧೯೩೬ರಲ್ಲಿ ಆಕ್ಷೇಪಿಸಿದನು. ಆ ವಾದ ಏನೇ ಇರಲಿ, ನಿಯಮ ನಿಂತಿದೆ.

ಮೆಂಡಲನು ದೊಡ್ಡ ಮೊತ್ತಗಳ ಜೊತೆಗೆ ಬಿಡಿಗಿಡಗಳ ಅಂಕಿಗಳನ್ನೂ ಮುಚ್ಚಿಡದೆ ಕೊಟ್ಟಿದ್ದಾನೆ. ಒಂದು ಗಿಡದಲ್ಲಿ ೪೩ ದುಂಡು, ಎರಡೇ ಸುಕ್ಕು. ಇನ್ನೊಂದರಲ್ಲಿ ೧೪ ದುಂಡು, ೧೫ ಸುಕ್ಕು! ಏಳು ಸಾವಿರ ಕಾಳುಗಳನ್ನು ಒಟ್ಟುಗೂಡಿಸಿದಾಗ ಕಂಡ ನಾಲ್ಕರಲ್ಲೊಂದು ಎಂಬ ಶಿಸ್ತು ಒಂದೊಂದು ಗಿಡದ ಮಟ್ಟದಲ್ಲಿ ಕಾಣುವುದಿಲ್ಲ. ಮೂವತ್ತು ನಲವತ್ತು ಕಾಳುಗಳ ಗಿಡದ ಪಾಡೇ ಹೀಗಿರುವಾಗ, ಎರಡು ಮೂರು ಮಕ್ಕಳ ಮನೆಯಲ್ಲಿ ಅದನ್ನು ಹುಡುಕುವುದು ಹೇಗೆ?

ನಾಲ್ಕರಲ್ಲಿ ಒಂದು ಎಂಬುದನ್ನು ಜನ ಕೇಳಿಸಿಕೊಳ್ಳುವ ಬಗೆಯೇ ಬೇರೆ. ಥಲಸ್ಸೀಮಿಯಾ ಎಂಬ ರಕ್ತರೋಗವನ್ನು ನಿದರ್ಶನಕ್ಕೆ ತೆಗೆದುಕೊಳ್ಳೋಣ. ಕೆಟ್ಟ ಜೀನನ್ನು ಒಂದು ಪ್ರತಿಯಲ್ಲಿ ಮಾತ್ರ ಹೊತ್ತವರು ವಾಹಕರು. ಅವರಿಗೆ ರೋಗವಿಲ್ಲ, ಹೆಚ್ಚೆಂದರೆ ಸ್ವಲ್ಪ ರಕ್ತಹೀನತೆ. ಎರಡೂ ಪ್ರತಿಗಳು ಕೆಟ್ಟ ಮಗುವಿಗೆ ರೋಗ ಉಗ್ರರೂಪದಲ್ಲಿದ್ದರೆ ಜೀವಮಾನವೆಲ್ಲ ಕೆಲವು ವಾರಗಳಿಗೊಮ್ಮೆ ಬೇರೆಯವರ ರಕ್ತವನ್ನು ಕೊಡಿಸಬೇಕಾಗುತ್ತದೆ. ಪತಿಪತ್ನಿಯರಿಬ್ಬರೂ ವಾಹಕರು, ಮಗುವಿಗೆ ರೋಗ ತಗಲುವ ಸಂಭವ ನಾಲ್ಕರಲ್ಲಿ ಒಂದು ಎಂದು ವೈದ್ಯರು ಹೇಳಿದರೆ, ಮೊದಲ ಮಗು ರೋಗಿಯಾದವರು “ನಮ್ಮ ಪಾಲಿನ ಒಂದು ಮುಗಿಯಿತು, ಇನ್ನು ಮೂರು ಕ್ಷೇಮ” ಎಂದುಕೊಳ್ಳುತ್ತಾರೆ. ಮೂರು ಆರೋಗ್ಯವಂತ ಮಕ್ಕಳಾದವರು ನಾಲ್ಕನೆಯದು ರೋಗಿಯಾಗಲೇಬೇಕೆಂದು ನಡುಗುತ್ತಾರೆ. ಎರಡೂ ಭ್ರಾಂತಿ. ನಾಣ್ಯಕ್ಕೆ ನೆನಪಿಲ್ಲ. ಹಿಂದೆ ಎಷ್ಟು ಸಲ ಯಾವ ಮುಖ ಬಿದ್ದಿತೆಂಬ ಲೆಕ್ಕವನ್ನು ಅದು ಇಡುವುದಿಲ್ಲ. ಪ್ರತಿಯೊಂದು ಗರ್ಭವೂ ಹೊಸದಾಗಿ ಹಾಕಿದ ಪ್ರಸ್ತಾರ; ಪ್ರತಿಸಲವೂ ಸಂಭವ ನಾಲ್ಕರಲ್ಲಿ ಒಂದೇ. ನಾಲ್ಕು ಹೆಣ್ಣಾದ ಮೇಲೆ ಐದನೆಯದು ಗಂಡೇ ಎಂಬ ನಂಬಿಕೆಯೂ ಇದೇ ಜಾತಿಯದು. ಅಲ್ಲಿಯಂತೂ ತಾಯಿಯನ್ನು ಹಳಿಯುವುದಕ್ಕೆ ಎಳ್ಳಷ್ಟೂ ಆಧಾರವಿಲ್ಲ: ಹೆಣ್ಣಿನ ಅಂಡಾಣುವಿನಲ್ಲಿರುವುದು ಯಾವಾಗಲೂ ಎಕ್ಸ್ ವರ್ಣತಂತು; ಎಕ್ಸ್ ಅಥವಾ ವೈ ಎಂದು ಎರಡು ಬಗೆ ಇರುವುದು ಗಂಡಿನ ವೀರ್ಯಾಣುವಿನಲ್ಲಿ.

ಇಬ್ಬರೂ ವಾಹಕರಾಗಿದ್ದು, ನಾಲ್ಕು ನಾಲ್ಕು ಮಕ್ಕಳನ್ನು ಹೆತ್ತ ೨೫೬ ದಂಪತಿಗಳನ್ನು ಕಲ್ಪಿಸಿಕೊಳ್ಳೋಣ. ಗಣಿತದ ನಿರೀಕ್ಷೆಯಂತೆ ಅವರಲ್ಲಿ ೧೦೮ ಮನೆಗಳಲ್ಲಿ ಒಂದು ಮಗು ರೋಗಿ. ೫೪ ಮನೆಗಳಲ್ಲಿ ಇಬ್ಬರು. ೧೨ ಮನೆಗಳಲ್ಲಿ ಮೂವರು. ಒಂದು ನಿರ್ಭಾಗ್ಯ ಮನೆಯಲ್ಲಿ ನಾಲ್ವರೂ. ಉಳಿದ ೮೧ ಮನೆಗಳಲ್ಲಿ ಒಬ್ಬರೂ ಇಲ್ಲ. ಈ ೮೧ ಮನೆಗಳವರು “ನಮ್ಮ ವಂಶದಲ್ಲಿ ಇಂಥದು ಇರಲಿಲ್ಲ” ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಅದರಿಂದ ಹೊರಡಿಸುವ ತೀರ್ಮಾನ ಮಾತ್ರ ಸುಳ್ಳು. ಎರಡೇ ಮಕ್ಕಳ ಇಂದಿನ ಸಂಸಾರಗಳಲ್ಲಿ, ತಂದೆತಾಯಿಗಳಿಬ್ಬರೂ ವಾಹಕರಾಗಿದ್ದರೂ ೧೬ರಲ್ಲಿ ೯ ಮನೆಗಳಲ್ಲಿ ರೋಗ ಕಾಣಿಸಿಕೊಳ್ಳುವುದಿಲ್ಲ. ಸಂಸಾರ ಚಿಕ್ಕದಾದಷ್ಟೂ ವಂಶದ ಇತಿಹಾಸ ಮೌನವಾಗುತ್ತದೆ. ಇಂಥ ರೋಗವುಳ್ಳ ಮಗು ಹುಟ್ಟಿದಲ್ಲಿ, ಕೆಟ್ಟ ಎರಡು ಪ್ರತಿಗಳಲ್ಲಿ ಒಂದು ತಂದೆಯ ಕಡೆಯಿಂದಲೇ ಬಂದಿರುತ್ತದೆ. ವರ್ಣಾಂಧತೆ, ಹಿಮೋಫಿಲಿಯಾಗಳಂತೆ ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಇಳಿಯುವ ದೋಷಗಳ ಲೆಕ್ಕ ಬೇರೆ. ತಂದೆತಾಯಿಗಳಲ್ಲಿ ಇಲ್ಲದೆ ಹೊಸದಾಗಿ ಹುಟ್ಟುವ ಜೀನುದೋಷಗಳೂ ಉಂಟು. ಆದರೆ ಇಲ್ಲಿ ಹೇಳುತ್ತಿರುವ ಬಗೆಯ ರೋಗಗಳಲ್ಲಿ ಸೊಸೆಯ ಪಾಲು ಮಗನ ಪಾಲಿಗಿಂತ ಕೂದಲೆಳೆಯಷ್ಟೂ ಹೆಚ್ಚಲ್ಲ.

ರಕ್ತದ ಗುಂಪಿನ ವಿಷಯದಲ್ಲಿಯೂ ಇಂಥದೇ ಶಂಕೆಗಳು ಹುಟ್ಟುವುದುಂಟು. ತಾಯಿಯದು ಎ ಗುಂಪು, ತಂದೆಯದು ಬಿ ಗುಂಪು, ಮಗುವಿನದು ಓ ಎಂದು ಶಾಲೆಯ ಆರೋಗ್ಯ ತಪಾಸಣೆಯಲ್ಲಿ ತಿಳಿದಾಗ ಮನಸ್ಸು ಕದಡಿಕೊಂಡವರಿಗೆ ಅಧ್ಯಾಪಕರು ಸಮಾಧಾನ ಹೇಳಬಲ್ಲವರಾಗಿರಬೇಕು. ಎ ಗುಂಪಿನವರಲ್ಲಿ ಓ ಜೀನು ಅಡಗಿರಬಹುದು. ಬಿ ಗುಂಪಿನವರಲ್ಲಿಯೂ ಅಡಗಿರಬಹುದು. ಇಬ್ಬರೂ ಅದನ್ನೇ ಕೊಟ್ಟರೆ ಮಗು ಓ. ಅಂಥ ದಂಪತಿಗಳ ಮಕ್ಕಳಲ್ಲಿ ಎ, ಬಿ, ಎಬಿ, ಓ ಎಂಬ ನಾಲ್ಕು ಗುಂಪುಗಳೂ ಸಮಸಂಭವ. ಓ ಗುಂಪಿನ ಇಬ್ಬರಿಗೆ ಹುಟ್ಟಿದ ಮಗುವೂ ಓ ಗುಂಪಿನದೇ ಆಗಿರಬೇಕೆಂಬ ನಿಯಮವನ್ನು ಸಹ ಎಚ್ಚರದಿಂದ ಹೇಳಬೇಕು. ೧೯೫೨ರಲ್ಲಿ ಅಂದಿನ ಬೊಂಬಾಯಿಯಲ್ಲಿ ಡಾಕ್ಟರ್ ಭೇಂಡೆ ಮತ್ತು ಅವರ ಸಂಗಡಿಗರು ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದು ತೋರುವ, ಆದರೆ ಎ ಅಥವಾ ಬಿ ಜೀನನ್ನು ಒಳಗಿಟ್ಟುಕೊಂಡಿರಬಲ್ಲ ಒಂದು ವಿರಳವಾದ ಗುಂಪನ್ನು ಕಂಡುಹಿಡಿದರು. ಜಗತ್ತು ಅದನ್ನು ಇಂದಿಗೂ ಬಾಂಬೆ ಗುಂಪೆಂದೇ ಕರೆಯುತ್ತದೆ.

ಎತ್ತರ, ಮೈಬಣ್ಣ, ಬುದ್ಧಿಶಕ್ತಿಗಳನ್ನು ಚೌಕದ ಮನೆಗಳಲ್ಲಿ ಕೂರಿಸಲಾಗದು; ಅವು ಅಸಂಖ್ಯ ಜೀನುಗಳೂ ಆಹಾರ ಪರಿಸರಗಳೂ ಕೂಡಿ ಆದುವು. ನಾಲಗೆಯನ್ನು ಕೊಳವೆಯಂತೆ ಸುರುಳಿ ಮಾಡುವ ಶಕ್ತಿ ಒಂದೇ ಜೀನಿನಿಂದ ಬರುವುದೆಂದು ಇನ್ನೂ ಕೆಲವು ತರಗತಿಗಳಲ್ಲಿ ಹೇಳಿಕೊಡುತ್ತಾರೆ. ೧೯೪೦ರಲ್ಲಿ ಹಾಗೆ ಸೂಚಿಸಿದ್ದ ಸ್ಟರ್ಟೆವಂಟ್ ಎಂಬ ವಿಜ್ಞಾನಿಯೇ, ಏಕರೂಪದ ಅವಳಿಗಳಲ್ಲಿ ಒಬ್ಬರಿಗೆ ಅದು ಸಾಧ್ಯವಾಗಿ ಇನ್ನೊಬ್ಬರಿಗೆ ಸಾಧ್ಯವಾಗದಿರುವುದು ಕಂಡುಬಂದ ಮೇಲೆ, ಆ ಮಾತನ್ನು ಕೈಬಿಟ್ಟನು. ಮಕ್ಕಳಿಂದ ನಾಲಗೆ ಮಡಿಸಿ ತೋರಿಸಿ ತಂದೆತಾಯಿಗಳೊಡನೆ ಹೋಲಿಸುವ ಪಾಠವನ್ನು ನಿಲ್ಲಿಸುವುದೇ ಮೇಲು.

ನಮ್ಮ ನಾಡಿಗೆ ವಿಶೇಷವಾಗಿ ಅನ್ವಯಿಸುವ ಪ್ರಸಂಗವೆಂದರೆ ಸಂಬಂಧಿಕರಲ್ಲಿ ನಡೆಯುವ ವಿವಾಹ. ಕನ್ನಡ ಭಾಷೆಯೇ ಇದಕ್ಕೆ ಸಾಕ್ಷಿ. ತಾಯಿಯ ಸೋದರನೂ ಮಾವ, ಹೆಂಡತಿಯ ತಂದೆಯೂ ಮಾವ. ತಂದೆಯ ಸೋದರಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಸೋದರಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಹುಟ್ಟಿನ ನಂಟೂ ಮದುವೆಯ ನಂಟೂ ಒಂದೇ ಆಗಿದ್ದ ಸಮಾಜದಲ್ಲಿ ಬೇರೆ ಬೇರೆ ಶಬ್ದಗಳ ಅಗತ್ಯವಾದರೂ ಏನಿತ್ತು? ೧೯೫೫ರ ಹಿಂದೂ ವಿವಾಹ ಶಾಸನವು ಸೋದರಮಾವನಿಗೂ ಸೋದರಿಯ ಮಗಳಿಗೂ ನಡೆಯುವ ವಿವಾಹವನ್ನು ನಿಷಿದ್ಧ ಸಂಬಂಧಗಳಲ್ಲಿ ಸೇರಿಸಿದರೂ ರೂಢಿಯಿದ್ದಲ್ಲಿ ಅದಕ್ಕೆ ಎಡೆಗೊಟ್ಟಿತು. ೧೯೮೦ರಿಂದ ೧೯೮೯ರವರೆಗೆ ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ಜನಿಸಿದ ಒಂದು ಲಕ್ಷಕ್ಕೂ ಮಿಕ್ಕ ಶಿಶುಗಳ ತಂದೆತಾಯಿಗಳನ್ನು ಕುರಿತು ಬಿಟಲ್ಸ್ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿರಾವ್ ಅವರ ತಂಡವು ಅಧ್ಯಯನ ನಡೆಸಿದಾಗ, ಸುಮಾರು ಮೂರನೆಯ ಒಂದು ಭಾಗದಷ್ಟು ದಂಪತಿಗಳು ರಕ್ತಸಂಬಂಧಿಗಳೆಂದು ಕಂಡುಬಂದಿತು.

ಲೆಕ್ಕ ಹೀಗಿದೆ. ಒಬ್ಬ ಅಜ್ಜನಲ್ಲಿ ಒಂದು ಕೆಟ್ಟ ಜೀನು ಅಡಗಿದೆಯೆನ್ನಿ. ಅವನ ಮಗನಿಗೆ ಅದು ಬಂದಿರುವ ಸಂಭವ ಎರಡರಲ್ಲಿ ಒಂದು. ಅವನ ಮಗಳಿಗೂ ಎರಡರಲ್ಲಿ ಒಂದು. ಆ ಮಗಳ ಮಗಳಿಗೆ ನಾಲ್ಕರಲ್ಲಿ ಒಂದು. ಆ ಮಗನೇ ತನ್ನ ಅಕ್ಕನ ಮಗಳನ್ನು ಕೈಹಿಡಿದರೆ ಇಬ್ಬರೂ ವಾಹಕರಾಗಿರುವ ಸಂಭವ ಎಂಟರಲ್ಲಿ ಒಂದು. ಅವರ ಮಗು ರೋಗಿಯಾಗುವ ಸಂಭವ ೩೨ರಲ್ಲಿ ಒಂದು. ಸೋದರತ್ತೆಯ ಮಗಳನ್ನೋ ಸೋದರಮಾವನ ಮಗಳನ್ನೋ ವರಿಸಿದರೆ ಈ ಸಂಭವ ೬೪ರಲ್ಲಿ ಒಂದಕ್ಕೆ ಇಳಿಯುತ್ತದೆ. ಅದೇ ಮಗ, ನೂರಕ್ಕೊಬ್ಬರು ಆ ಜೀನಿನ ವಾಹಕರಾಗಿರುವ ಊರಿನಿಂದ ನಂಟಿಲ್ಲದ ಕನ್ಯೆಯನ್ನು ತಂದರೆ ಸಂಭವ ೮೦೦ರಲ್ಲಿ ಒಂದು. ಮೂವತ್ತೆರಡಕ್ಕೂ ಎಂಟುನೂರಕ್ಕೂ ಇರುವ ಅಂತರ ಇಪ್ಪತ್ತೈದು ಪಟ್ಟು. ಜೀನು ವಿರಳವಾದಷ್ಟೂ ಈ ಅಂತರ ಹಿಗ್ಗುತ್ತದೆ. ಆದುದರಿಂದಲೇ ಅತಿವಿರಳವಾದ ರೋಗಗಳು ನಂಟರಲ್ಲಿ ನಂಟಸ್ತಿಕೆ ಬೆಳೆಸಿದ ಮನೆಗಳಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುವುದು.

ಈ ಲೆಕ್ಕವನ್ನು ಕೇಳಿ, ಅಂಥ ವಿವಾಹವಾದ ದಂಪತಿಗಳು ಪಾಪ ಮಾಡಿದವರಂತೆ ಕುಗ್ಗಬೇಕಾಗಿಲ್ಲ. ಅಜ್ಜನಲ್ಲಿ ಕೆಟ್ಟ ಜೀನು ಇರುವುದು ನಿಶ್ಚಯವೆಂದುಕೊಂಡರೂ ೩೨ರಲ್ಲಿ ೩೧ ಪಾಲು ಮಗು ಆ ರೋಗದಿಂದ ಮುಕ್ತ. ಹುಟ್ಟಿನಿಂದ ಬರುವ ದೋಷಗಳೆಲ್ಲ ಅನುವಂಶೀಯವೂ ಅಲ್ಲ. ಆಸ್ತಿ ಹೊರಗೆ ಹೋಗದಿರಲಿ, ಮಗಳು ಕಣ್ಣಳತೆಯಲ್ಲಿರಲಿ ಎಂದು ಹಿರಿಯರು ಮಾಡಿದ ಏರ್ಪಾಟಿನಲ್ಲಿ ಅವರ ಕಾಲಕ್ಕೆ ತಕ್ಕ ವಿವೇಕವೂ ಇದ್ದಿತು. ಆದರೆ ಹೊಸದಾಗಿ ಸಂಬಂಧ ನಿಶ್ಚಯಿಸುವವರು ಹೊಲದ ಸರಹದ್ದಿನ ಜೊತೆಗೆ ಈ ಲೆಕ್ಕವನ್ನೂ ಮುಂದಿಟ್ಟುಕೊಳ್ಳುವುದು ನ್ಯಾಯ. ಜಾತಕ ನೋಡುವವರು ಹತ್ತು ಕೂಟಗಳನ್ನು ನೋಡುತ್ತಾರೆ. ರಕ್ತವನ್ನು ಮಾತ್ರ ನೋಡುವುದಿಲ್ಲ.

ನೋಡುವುದಕ್ಕೆ ಈಗ ಉಪಾಯಗಳಿವೆ. ವಾಹಕರನ್ನು ಕಣ್ಣಿನಿಂದ ಗುರುತಿಸಲಾಗದಿದ್ದರೂ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ರಕ್ತಹೀನತೆಗಳ ವಾಹಕರನ್ನು ರಕ್ತದ ಹಿಮೊಗ್ಲೋಬಿನ್ ಪರೀಕ್ಷೆಯಿಂದ ಗುರುತಿಸಬಹುದು. ಕರ್ನಾಟಕದಲ್ಲಿ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಅರಣ್ಯವಾಸಿ ಸಮುದಾಯಗಳಲ್ಲಿ ಸಿಕಲ್ ಸೆಲ್ ಜೀನು ಇದೆ. ಅದನ್ನು ಬರಿಯ ಶಾಪವೆಂದು ತಿಳಿಯಬಾರದು. ಒಂದೇ ಪ್ರತಿಯುಳ್ಳ ವಾಹಕರಿಗೆ ಅದು ಮಲೇರಿಯಾದಿಂದ ರಕ್ಷಣೆ ಕೊಡುತ್ತದೆಂದು ಆಲಿಸನ್ ಎಂಬ ವೈದ್ಯನು ೧೯೫೪ರಲ್ಲಿ ತೋರಿಸಿಕೊಟ್ಟನು. ಕಾಡುಗಳಲ್ಲಿ ಆ ಜೀನು ಉಳಿದುಬಂದುದಕ್ಕೆ ಕಾರಣ ಅದೇ. ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು ನಲವತ್ತರೊಳಗಿನ ಏಳು ಕೋಟಿ ಜನರ ರಕ್ತವನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿತು. ಕರ್ನಾಟಕವೂ ಅದರಲ್ಲಿ ಸೇರಿದೆ.

ಅಣ್ಣನಿಗೆ ಇಂಥ ರೋಗವಿದ್ದು ತಾನು ಆರೋಗ್ಯವಾಗಿರುವ ತಂಗಿಯೊಬ್ಬಳ ವಿವಾಹದ ಮಾತು ಬಂದಾಗ ಮೆಂಡಲನ ೫೬೫ ಗಿಡಗಳು ಮತ್ತೆ ನೆನಪಾಗಬೇಕು. ಆಕೆ ರೋಗಿಯಲ್ಲವೆಂಬುದು ಗೊತ್ತಿರುವುದರಿಂದ ನಾಲ್ಕು ರೂಪಗಳಲ್ಲಿ ಒಂದು ಬಿಟ್ಟುಹೋಯಿತು. ಉಳಿದ ಮೂರರಲ್ಲಿ ಎರಡು ವಾಹಕರೂಪಗಳು. ಆಕೆ ವಾಹಕಳಾಗಿರುವ ಸಂಭವ ಅರ್ಧವಲ್ಲ, ಮೂರರಲ್ಲಿ ಎರಡು. ವರನೂ ವಾಹಕನೆಂದು ತ​ಿಳಿದಿದ್ದರೆ ಅವರ ಮಗು ರೋಗಿಯಾಗುವ ಸಂಭವ ಮೂರರಲ್ಲಿ ಎರಡನ್ನು ನಾಲ್ಕರಲ್ಲಿ ಒಂದರಿಂದ ಗುಣಿಸಿದಷ್ಟು, ಅಂದರೆ ಆರರಲ್ಲಿ ಒಂದು. ಆಕೆಯ ರಕ್ತಪರೀಕ್ಷೆಯಾದೊಡನೆ ಈ ಆರರಲ್ಲಿ ಒಂದು ಎಂಬ ಸಂಖ್ಯೆ ಉಳಿಯುವುದಿಲ್ಲ: ಆಕೆ ವಾಹಕಳಲ್ಲದಿದ್ದರೆ ಅದು ಸೊನ್ನೆ; ವಾಹಕಳಾಗಿದ್ದರೆ ನಾಲ್ಕರಲ್ಲಿ ಒಂದು. ವರನು ವಾಹಕನಲ್ಲವೆಂದು ಪರೀಕ್ಷೆಯಿಂದ ಖಚಿತವಾದರೆ ಆಕೆಯ ಪರೀಕ್ಷೆಯ ಫಲ ಏನೇ ಬಂದರೂ ಮಕ್ಕಳಿಗೆ ಆ ರೋಗದ ಭಯವಿಲ್ಲ. ಅವರು ಹೆಚ್ಚೆಂದರೆ ತಾಯಿಯಂತೆ ವಾಹಕರಾದಾರು. ಇಬ್ಬರೂ ವಾಹಕರೆಂದು ತಿಳಿದೂ ಮದುವೆಯಾದವರಿಗೆ, ಗರ್ಭ ನಿಂತ ಹತ್ತು ಹನ್ನೆರಡು ವಾರಗಳ ಹೊತ್ತಿಗೆ ಮಾಸಿನ ಅಂಶವನ್ನು ತೆಗೆದು ಪರೀಕ್ಷಿಸಿ, ನಾಲ್ಕು ರೂಪಗಳಲ್ಲಿ ಆ ಶಿಶುವಿನದು ಯಾವುದೆಂದು ವೈದ್ಯರು ಹೇಳಬಲ್ಲರು.